ದುರುಗಮ್ಮನ ಮನೆಯ ಮೇಲ್ಕಟ್ಟು

ಬಾಡಿಗೆ ವಸತಿ ಮಂಡಳಿಗೆ ನಿಮ್ಮ ಸಾಲಿನಿಂದ ಒಬ್ಬರನ್ನು ಕಳಿಸಿ ಎಂದು ಹೇಳಿಕೆ ಬಂದಾಗ, ಸಾಲಿನಲ್ಲಿ ಎಲ್ಲರಿಗಿಂತ ಕಡಿಮೆ ಮಾತಾಡುವವರು ಯಾರೆಂದು ಹುಡುಕಿ ನಾವು ಅವರನ್ನೇ ಕಳಿಸಿದೆವು. ಹೆಣ್ಣು ಕೇಳಲು ಹೋಗುವಾಗ ಮನೆಯ ಸಿಡುಕನನ್ನು ಹಿಂದೆ ಬಿಟ್ಟು ಸಮಾಧಾನಿಯನ್ನು ಮುಂದೆ ಮಾಡುವುದಿಲ್ಲವೇ, ಹಾಗೆ.

ತೊಂಬತ್ತಾರನೇ ಇಸವಿಯ ಬೇಸಿಗೆಯ ಮಾತು. ಶಿಕಾರಿಪುರದಲ್ಲಿ ಶಿರಾಳಕೊಪ್ಪದ ರಸ್ತೆಗೆ ಒತ್ತಿಕೊಂಡಂತೆ ಮಂಡಳಿಯ ಹೆಂಚಿನ ಮನೆಗಳ ಒಂದು ಸಾಲು ಇತ್ತು. ಗೋಡೆಗೆ ಗೋಡೆ ಅಂಟಿದ ಮನೆಗಳು. ಒಬ್ಬರ ಮನೆಯ ಒಗ್ಗರಣೆಗೆ ಮೂರನೇ ಮನೆಯವರು ಸೀನುತ್ತಿದ್ದರು. ಅಂಥದೇ ಇನ್ನೊಂದು ಸಾಲು ಸೊರಬದಲ್ಲಿತ್ತು. ಎರಡಕ್ಕೂ ಸೇರಿ ಒಂದೇ ಮಂಡಳಿ. ಅದರ ಅಧ್ಯಕ್ಷರು ಮಲ್ಲಿಕಾರ್ಜುನಪ್ಪನವರು, ಶಿರಾಳಕೊಪ್ಪದಲ್ಲಿ ಬಟ್ಟೆ ಅಂಗಡಿ ಇಟ್ಟವರು. ಎಂಜಿನಿಯರು ನಾಗಪತಿ, ಸೊರಬದ ಹತ್ತಿರದ ಕುಪ್ಪಗಡ್ಡೆಯವರು. ಆ ವರ್ಷ ಹೊಸದಾಗಿ ಒಂದು ನಿಯಮ ಬಂದಿತ್ತು: ಮನೆಗಳಲ್ಲಿ ಬಾಡಿಗೆಗಿರುವವರ ಪೈಕಿ ಸಾಲಿಗೊಬ್ಬರು ಮಂಡಳಿಯಲ್ಲಿ ಕೂರಬೇಕು, ಮಾತಾಡಬೇಕು.

ನಲ್ಲಿಕಟ್ಟೆಯ ಹತ್ತಿರ ಎಲ್ಲರೂ ಸೇರಿದ್ದೆವು. ಬಸ್ ಕಂಡಕ್ಟರಾಗಿ ನಿವೃತ್ತರಾಗಿದ್ದ ಹುಚ್ಚರಾಯಪ್ಪ ಅಂದು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡೇ ಬಂದಿದ್ದರು.

"ನಾ ಹೋಗ್ತೀನಿ. ಸರ್ಕಾರದೋರ ಹತ್ರ ಹೆಂಗೆ ಮಾತಾಡ್ಬೇಕು ಅನ್ನೋದು ನಂಗೊತ್ತು" ಅಂದರು.

"ಅಣ್ಣಾ, ನೀ ಹೋದ್ರೆ ಅಧ್ಯಕ್ಷರನ್ನೂ 'ಒಳಗೆ ಸರೀರಿ, ಒಳಗೆ ಸರೀರಿ' ಅಂತ ಗದರ್ತೀಯ" ಎಂದಳು ದುರುಗಮ್ಮ. ಎಲ್ಲರೂ ನಕ್ಕರು. ಹುಚ್ಚರಾಯಪ್ಪನವರ ಅರ್ಜಿ ಅಲ್ಲಿಗೆ ವಜಾ ಆಯಿತು.

ಆರಿಸಿದ್ದು ನೀಲಾಂಬಿಕಳನ್ನು. ಗಂಡ ತೀರಿಕೊಂಡ ಮೇಲೆ ಹೊಲಿಗೆ ಮಿಷನ್ನಿನ ಮೇಲೆ ಸಂಸಾರ ನಡೆಸಿದ ಹೆಂಗಸು. ನಲ್ಲಿಯಲ್ಲಿ ಅವಳ ಕೊಡ ಯಾರಾದರೂ ಪಕ್ಕಕ್ಕೆ ಸರಿಸಿದರೆ, ಇರ್ಲಿ ಬಿಡ್ರಿ ಎಂದು ಇನ್ನೂ ಸ್ವಲ್ಪ ಸರಿಸುವವಳು. ಅವಳೂ ನಾನೂ ಒಂದೇ ರಾತ್ರಿಶಾಲೆಯಲ್ಲಿ ಅಕ್ಷರ ಕಲಿತೆವು. ನಾನು ಇಂದಿಗೂ ತುಟಿ ಅಲ್ಲಾಡಿಸದೆ ಓದಲಾರೆ, ಅವಳು ಕಣ್ಣಲ್ಲೇ ಓದಿ ಮುಗಿಸುತ್ತಾಳೆ. ಮಂಡಳಿಯ ನೋಟೀಸು ಓದಲು ಬರುತ್ತದೆ, ಯಾರ ಮೇಲೂ ಜಗಳಕ್ಕೆ ಹೋಗುವುದಿಲ್ಲ. ಇನ್ನೇನು ಬೇಕು ಅಂದುಕೊಂಡೆವು.

ಬೇಕಾದದ್ದು ಏನೆಂದು ನನ್ನ ಗೋಡೆಯ ಆಚೆಗಿದ್ದ ದುರುಗಮ್ಮನಿಗೆ ಮಾತ್ರ ಸರಿಯಾಗಿ ಗೊತ್ತಿತ್ತು. ಅವಳು ಸಂತೆ ಸಂತೆ ತಿರುಗಿ ಸೊಪ್ಪು, ಮೆಣಸಿನಕಾಯಿ ಮಾರುವವಳು. ಒಬ್ಬಳೇ ಮಗಳು ವಾಣಿಶ್ರೀಯನ್ನು ಆನವಟ್ಟಿಗೆ ಕೊಟ್ಟಿದ್ದಳು. ಮಗಳು ಚೊಚ್ಚಲ ಬಸುರಿ. ಬಾಣಂತನಕ್ಕೆ ಕರೆದುಕೊಂಡು ಬರಬೇಕು. ಆದರೆ ದುರುಗಮ್ಮನ ಮನೆಯ ಮಾಡನ್ನು ಗೆದ್ದಲು ತಿಂದು, ನಡುಮನೆಯ ಮೇಲಿನ ಜಂತೆಗಳು ಹೊಟ್ಟೆ ಬಿಟ್ಟುಕೊಂಡು ಕೆಳಗಿಳಿದಿದ್ದವು. ಅವಕ್ಕೆ ಒಂದು ಬಿದಿರಿನ ಗಳ ಆನಿಸಿದ್ದರು. ಬೀಗ ಲೋಕಪ್ಪ ಒಮ್ಮೆ ಬಂದವನು ತಲೆಯೆತ್ತಿ ನೋಡಿದ. ಕೆಟ್ಟವನಲ್ಲ, ಮೆತ್ತಗೇ ಹೇಳಿದ: "ನೋಡವ್ವ, ಇದರ ಕೆಳಗೆ ಹಸಿ ಬಾಣಂತಿನ, ಕೂಸನ್ನ ಹೆಂಗೆ ಮಲಗಿಸ್ತೀಯ? ಮಳೆಗೆ ಮುಂಚೆ ರಿಪೇರಿ ಆದ್ರೆ ನಾನೇ ತಂದು ಬಿಡ್ತೀನಿ. ಆಗ್ಲಿಲ್ಲ ಅಂದ್ರೆ ಈ ಸಲದ್ದು ನಮ್ಮಲ್ಲೇ ಆಗ್ಲಿ."

ಚೊಚ್ಚಲ ಬಾಣಂತನ ತವರಿನಲ್ಲಿ ಆಗಲಿಲ್ಲವೆಂದರೆ ತಾಯಿ ಇದ್ದೂ ಇಲ್ಲದ ಹಾಗೆ. ದುರುಗಮ್ಮ ಇದನ್ನು ಬಾಯಿ ಬಿಟ್ಟು ಹೇಳಲಿಲ್ಲ. ಆದರೆ ಹಳೆಯ ಸೀರೆಗಳನ್ನು ಒಗೆದು ಒಗೆದು ಮೆತ್ತಗೆ ಮಾಡಿ ಕೂಸಿಗೆಂದು ಮಡಿಸಿ ಇಡುತ್ತಿದ್ದಳು. ಬಟ್ಟೆ ಕುಕ್ಕುವ ಸದ್ದು ನನಗೆ ಕೇಳುತ್ತಿತ್ತು.

ಮಂಡಳಿಯಲ್ಲಿ ಆ ವರ್ಷ ಮರ, ಹೆಂಚು ಇದ್ದದ್ದು ಒಂದು ಸಾಲಿಗೆ ಸಾಕಾಗುವಷ್ಟು ಮಾತ್ರ. ಸೊರಬದ ಸಾಲೋ, ನಮ್ಮದೋ ಎಂದು ಮಳೆಗಾಲದೊಳಗೆ ತೀರ್ಮಾನ ಆಗಬೇಕಿತ್ತು.

ಮೊದಲ ಸಭೆಗೆ ನೀಲಾಂಬಿಕ ಹೊರಟಾಗ ಸಾಲಿನ ಹೆಂಗಸರು ತಲೆಗೆ ಹೂ ಮುಡಿಸಲು ಹೋಗಿ, ಅವಳು ಬೇಡವೆಂದಾಗ ಕೈಗಾದರೂ ಒಂದು ನಿಂಬೆಹಣ್ಣು ಕೊಟ್ಟು ಕಳಿಸಿದರು. ಸಂಜೆ ಬರುವಷ್ಟರಲ್ಲಿ ಎಲ್ಲರೂ ಅವಳ ಜಗಲಿಯಲ್ಲಿ ಕೂತಿದ್ದೆವು.

"ಏನಂದ್ರು?" ಎಂದು ಹುಚ್ಚರಾಯಪ್ಪ ಕೇಳಿದರು.

"ಭಾಳ ಚೊಲೋ ಮಂದಿ ರೀ. ಕುರ್ಚಿ ಕೊಟ್ರು. ಚಾ ಕೊಟ್ರು, ಖಾರ ಕೊಟ್ರು, ಬಿಸ್ಕೀಟು ಕೊಟ್ರು. ಅಧ್ಯಕ್ಷರೇ ತಟ್ಟೆ ಇತ್ತಾಗೆ ಸರಿಸಿ, ತಗಳ್ರಿ ತಗಳ್ರಿ ಅಂದ್ರು."

"ಅದಿರ್ಲಿ. ಮನೆ ವಿಷ್ಯ?"

"ಕೇಳಿದ್ರು. ಮನೆಗಳು ಹೆಂಗದಾವಮ್ಮ ಅಂದ್ರು."

"ನೀವೇನಂದ್ರಿ?"

"ಚೊಲೋ ಅದಾವ್ರಿ ಅಂದೆ."

ಹುಚ್ಚರಾಯಪ್ಪ ಎರಡು ಕೈಯಿಂದ ತಲೆ ಹಿಡಿದುಕೊಂಡರು. "ಚೊಲೋ ಅದಾವಾ? ದುರುಗಮ್ಮ ಗಳ ನಿಲ್ಸಿ ಸೂರು ಹಿಡ್ಕಂಡಾಳೆ! ಸೊರಬದಾಕಿ ಏನಂದ್ಲು?"

"ತ್ರಿವೇಣಿ ಅಂತ. ಅವಳು ಭಾಳ ಹೊತ್ತು ಹೇಳಿದ್ಲು ಬಿಡ್ರಿ. ಹೆಂಚು ಒಡೆದೈತೆ, ಅದರ ಕೆಳಗಿನ ರೀಪು ಪಟ್ಟಿ ಮುರಿದೈತೆ, ಹಾವು ಬಂದಿತ್ತು ಅಂತ. ಚಾನೂ ಮುಟ್ಟಲಿಲ್ಲ ಆಕಿ."

"ಮತ್ತೆ ನೀವು?"

"ಅಲ್ರೀ ಅಣ್ಣಾರೆ, ಮನೆ ಅವರದ್ದು. ಅವರ ಚಾ ಕುಡಿದು, ಅಲ್ಲೇ ಕೂತು ಅವರ ಮನೆಗೇ ಹೆಸರಿಡೋದು ಹೆಂಗ್ರಿ? ಬಾಯೇ ಬರ್ಲಿಲ್ಲ."

ನಾವೂ ಹಾಗೆಯೇ ಬೆಳೆದವರು. ಯಾರ ಮನೆಗೇ ಹೋಗಲಿ, ಸಾರಿಗೆ ಉಪ್ಪಿಲ್ಲದಿದ್ದರೂ ರುಚಿಯಾಗಿದೆ ಎಂದೇ ಉಂಡು ಎದ್ದವರು. ದುರುಗಮ್ಮ ಮಾತ್ರ ಎದ್ದು ಸೆರಗು ಕೊಡವಿ, "ಹೋಗ್ಲಿ ಬಿಡ್ರಿ ನೀಲಮ್ಮಾರೆ. ನಿಮ್ಮ ತಪ್ಪಲ್ಲ. ನಮ್ಮ ಹಣೆಬರಕ್ಕೆ ಬಿಸ್ಕೀಟು ಅಡ್ಡ ಬಂತು" ಎಂದು ಒಳಗೆ ಹೋದಳು. ಬೈದಿದ್ದರೆ ನೀಲಾಂಬಿಕಳಿಗೆ ಅಷ್ಟು ಚುಚ್ಚುತ್ತಿರಲಿಲ್ಲ.

ಎರಡನೇ ಸಭೆಗೆ ಹೋಗುವ ಮೊದಲು ಅವಳು ನನ್ನ ಹತ್ತಿರ ಬಂದು ಕೂತಳು. "ರಾಜಮ್ಮಕ್ಕ, ಏನು ಮಾಡ್ಲಿ? ಬೈಯೋದು ನನ್ನ ಕೈಲಾಗಲ್ಲ."

"ಬೈಬ್ಯಾಡ. ನಿಂಗೆ ಬರೋದನ್ನ ಮಾಡು" ಅಂದೆ. "ನಿಂಗೇನು ಬರ್ತೈತೆ?"

ಯೋಚಿಸಿ ಹೇಳಿದಳು: "ಕರೆಯೋಕೆ ಬರ್ತೈತೆ."

ಹಾಗೆಯೇ ಮಾಡಿದಳು. ಸಭೆಯಲ್ಲಿ ಎದ್ದು ನಿಂತು, ನೀವೆಲ್ಲರೂ ಒಮ್ಮೆ ನಮ್ಮ ಸಾಲಿಗೆ ಬರಬೇಕು, ದುರುಗಮ್ಮನ ಮನೆಯಲ್ಲಿ ಮಂಡಕ್ಕಿ ತಿಂದು ಹೋಗಬೇಕು ಎಂದು ಕರೆದಳಂತೆ. ಅಧ್ಯಕ್ಷರಿಗೆ ಬಹಳ ಸಂತೋಷವಾಯಿತಂತೆ. ಮಂಡಳಿ ಆದಾಗಿನಿಂದ ಅವರನ್ನು ಯಾರೂ ಊಟಕ್ಕೆ ಕರೆದಿರಲಿಲ್ಲ. ಬರೀ ಬೈಯುವುದಕ್ಕೆ ಕರೆದಿದ್ದರು. ಮರುವಾರದ ಭಾನುವಾರವೇ ಬರುತ್ತೇವೆ, ಅಲ್ಲಿಯೇ ಮನೆ ನೋಡಿ ತೀರ್ಮಾನ ಮಾಡುತ್ತೇವೆ, ಸೊರಬದ ತ್ರಿವೇಣಿಯವರೂ ಜೊತೆಗಿರಲಿ ಅಂದರು.

ಸುದ್ದಿ ಬಂದದ್ದೇ ತಡ, ಸಾಲಿಗೆ ಮದುವೆಯ ಕಳೆ ಬಂತು. ಅಂಗಳ ಗುಡಿಸಿ ಸಗಣಿ ಸಾರಿಸಿದರು. ಗೋಡೆಗೆ ಸುಣ್ಣ ಬಳಿದರು. ಬಿರುಕು ಇದ್ದ ಕಡೆ ಎರಡು ಸಲ. ಹುಚ್ಚರಾಯಪ್ಪ ತಮ್ಮ ಮನೆಯ ಜಮಖಾನೆ ತಂದು ಹಾಸಿದರು. ನಡುಮನೆಯ ಮಧ್ಯೆ ನಿಂತ ಬಿದಿರಿನ ಗಳ ಕಣ್ಣಿಗೆ ಚುಚ್ಚುತ್ತದೆಂದು ಯಾರೋ ಅದಕ್ಕೆ ಬಣ್ಣದ ಕಾಗದ ಸುತ್ತಿ, ತುದಿಗೆ ಮಾವಿನ ಸೊಪ್ಪು ಕಟ್ಟಿದರು. ಅದು ಚಪ್ಪರದ ಕಂಬದ ಹಾಗೆ ಬಹಳ ಚೆಂದ ಕಾಣಿಸಿತು.

ಮಂಡಳಿಯವರು ಕೂತು ತಿನ್ನುವುದು ತನ್ನ ಮನೆಯಲ್ಲಿ ಎಂಬುದು ದುರುಗಮ್ಮನಿಗೆ ಸಣ್ಣ ಮಾತಾಗಿರಲಿಲ್ಲ. ಮಲ್ಲಿಕಾರ್ಜುನಪ್ಪನವರಂಥ ಮನೆತನದವರು ಅವಳಂಥವರ ಹೊಸ್ತಿಲವರೆಗೆ ಬಂದು, ನಿಂತೇ ಮಾತಾಡಿ ಹೋಗುವುದನ್ನು ಅವಳು ಹುಟ್ಟಿದಾಗಿನಿಂದ ನೋಡಿದ್ದಳು. ಒಳಗೆ ಬಂದು ಕೂರುವುದು, ಅವಳ ಕೈಯ ತಿಂಡಿ ತಿನ್ನುವುದು ಇದೇ ಮೊದಲು. "ಅವರ ತಟ್ಟೆಗೆ ಮೇಲಿಂದ ಗೆದ್ದಲ ಹುಡಿ ಬಿದ್ರೆ ನನ್ನ ಮಾನ ಏನಾಗ್ಬೇಕು?" ಎಂದು ಟ್ರಂಕಿನಿಂದ ತನ್ನ ಧಾರೆ ಸೀರೆ ತೆಗೆದಳು. ಅದನ್ನು ಜಂತೆಗಳ ಕೆಳಗೆ ಮೇಲ್ಕಟ್ಟು ಕಟ್ಟಿದೆವು, ನಾಲ್ಕು ಮೂಲೆಗೂ ಬಿಗಿಯಾಗಿ, ಒಂದು ಸುಕ್ಕಿಲ್ಲದಂತೆ. ಅಚ್ಚ ಹಸಿರು ಸೀರೆ, ಕೆಂಪು ಅಂಚು. ತಲೆಯೆತ್ತಿದರೆ ಗದ್ದೆಯ ಪೈರು ನೋಡಿದ ಹಾಗಿತ್ತು.

ಆ ಸಡಗರದಲ್ಲಿ ಒಬ್ಬರಿಗಾದರೂ ಹೊಳೆಯಬೇಕಲ್ಲ? ಹೊಳೆಯಲಿಲ್ಲ.

ಭಾನುವಾರ ಜೀಪು ಬಂತು. ಮೊದಲು ಮಲ್ಲಿಕಾರ್ಜುನಪ್ಪನವರು ಇಳಿದರು, ಬಿಳಿ ಅಂಗಿ, ಬಿಳಿ ಪಂಚೆ, ಹಣೆಯಲ್ಲಿ ವಿಭೂತಿ. ಹಿಂದೆ ತೆಳ್ಳಗಿನ ನಾಗಪತಿ. ಕೊನೆಗೆ ತ್ರಿವೇಣಿ. ನಲವತ್ತರ ಆಸುಪಾಸಿನ ಗಟ್ಟಿ ಹೆಂಗಸು, ಇಳಿದವಳೇ ನಮ್ಮ ಸಾಲಿನ ಹೆಂಚುಗಳನ್ನು ಒಂದು ಕೊನೆಯಿಂದ ಇನ್ನೊಂದು ಕೊನೆಯವರೆಗೆ ನೋಡಿದಳು. ತನ್ನ ಸಾಲಿಗೆ ಎದುರಾಳಿ ಎಷ್ಟು ಗಟ್ಟಿ ಎಂದು ಅಳೆಯುವವಳ ಹಾಗೆ.

ದುರುಗಮ್ಮನ ನಡುಮನೆಗೆ ಬಂದು ಮೂವರೂ ಜಮಖಾನೆಯ ಮೇಲೆ ಕೂತರು. ಮಲ್ಲಿಕಾರ್ಜುನಪ್ಪನವರು ಸುತ್ತ ನೋಡಿ, "ಏನು ಚೊಲೋ ಇಟ್ಕಂಡೀರ್ರಿ! ನಮ್ಮ ಮನೇನೂ ಹಿಂಗಿಲ್ಲ. ನೀಲಮ್ಮಾರು ಅವತ್ತು ಹೇಳಿದ್ದು ಖರೇ ಐತೆ" ಅಂದರು. ನಂತರ ನಾಗಪತಿಯ ಕಡೆ ತಿರುಗಿ, "ಇವರದ್ದೇನು ಅವಸರ ಇಲ್ಲ ಕಾಣ್ತೈತೆ. ಸೊರಬದ್ದೇ ಮೊದ್ಲು ತಗಳ್ಳೋಣಲ್ರಿ?"

"ಹಾಗೇ ಮಾಡ್ಲಕ್ಕು ಮಾರಾಯ್ರೆ. ಇಲ್ಲಿ ಎಂತ ತೊಂದ್ರೆ ಇದ್ದಂಗೆ ಕಾಣೂದಿಲ್ಲ" ಎಂದರು ನಾಗಪತಿ. ತ್ರಿವೇಣಿ ಬಣ್ಣದ ಕಾಗದ ಸುತ್ತಿದ ಗಳವನ್ನೇ ನೋಡುತ್ತಿದ್ದಳು.

ಆಗ ನಮಗೆ ಗೊತ್ತಾಯಿತು. ಬಾಗಿಲಲ್ಲಿ ನಿಂತ ಹುಚ್ಚರಾಯಪ್ಪ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಹೇಳುವುದು ಹೇಗೆ? ಮನೆಗೆ ಬಂದವರ ಎದುರು, ನಮ್ಮ ಮನೆ ಹಾಳಾಗಿದೆ, ಇದೆಲ್ಲ ನಿನ್ನೆ ಕಟ್ಟಿದ್ದು ಎನ್ನುವುದು ಹೇಗೆ? ಅಷ್ಟರಲ್ಲಿ ದುರುಗಮ್ಮ ಒಗ್ಗರಣೆ ಮಂಡಕ್ಕಿ, ಬಿಸಿ ಮೆಣಸಿನಕಾಯಿ ಬಜ್ಜಿ ಇಟ್ಟ ತಟ್ಟೆಗಳನ್ನು ತಂದಳು. ಅವಳ ಮುಖವೂ ಬಿಳಿಚಿತ್ತು. ಮಾತು ಅವಳ ಕಿವಿಗೂ ಬಿದ್ದಿತ್ತು. ಆದರೂ ಮೊದಲ ತಟ್ಟೆಯನ್ನು ಬಗ್ಗಿ ಅಧ್ಯಕ್ಷರ ಕೈಗೆ ಕೊಟ್ಟಳು. ಅವರು ಹಿಂದೆ ಮುಂದೆ ನೋಡದೆ ತೆಗೆದುಕೊಂಡರು. ನೀರು ತರಲು ಅವಳು ಒಳಗೆ ತಿರುಗಿದಳು.

ಮಲ್ಲಿಕಾರ್ಜುನಪ್ಪನವರು ಬಜ್ಜಿ ಮುರಿದರು. ಹಬೆ ಎದ್ದಿತು. ಇನ್ನೇನು ಬಾಯಿಗೆ ಒಯ್ಯಬೇಕು, ನೀಲಾಂಬಿಕ ಗೋಡೆ ಬಿಟ್ಟು ಮುಂದೆ ಬಂದು ಅವರ ಕೈಯಲ್ಲಿದ್ದ ತಟ್ಟೆಯನ್ನು ತೆಗೆದುಕೊಂಡುಬಿಟ್ಟಳು.

ಬಂದವರ ಕೈಯಿಂದ ತಟ್ಟೆ ಕಸಿದದ್ದನ್ನು ನಾನು ನನ್ನ ಜೀವಮಾನದಲ್ಲಿ ಕಂಡಿರಲಿಲ್ಲ. ಅಧ್ಯಕ್ಷರು ಮುರಿದ ಬಜ್ಜಿ ಹಿಡಿದುಕೊಂಡು ಹಾಗೇ ಕೂತರು. ನೀರಿನ ಚೊಂಬು ತಂದ ದುರುಗಮ್ಮ ಬಾಗಿಲಲ್ಲಿ ನಿಂತಳು.

"ಯಾಕೆ?" ಎಂದಳು. ಅವಳ ದನಿ ತಗ್ಗಿತ್ತು. "ಯಾಕೆ ನೀಲಮ್ಮ? ಅವರೇ ತಿನ್ನಾಕೆ ಕುಂತಾರೆ. ನಮ್ಮ ಮನೆಯಾಗೆ ತಿನ್ನಬಾರ್ದು ಅಂತ ನಿಂಗೆ ಅನ್ನಿಸ್ತಾ?"

ಅವಳು ನೀಲಾಂಬಿಕಳನ್ನು ಏಕವಚನದಲ್ಲಿ ಕರೆದದ್ದು ಅದೇ ಮೊದಲು.

ನೀಲಾಂಬಿಕ ತಟ್ಟೆಯನ್ನು ಎದೆಗೆ ಒತ್ತಿಕೊಂಡಳು. "ಅಯ್ಯೋ ಶಿವನೇ! ಅಲ್ಲ ದುರುಗಕ್ಕ, ಅದಲ್ಲ. ಉಂಡ ಮನೆ ಜಂತೆ ಎಣಿಸಬಾರ್ದು ಅಂತ ಹಿರೇರು ಹೇಳಿಲ್ಲೇನು? ಸಾಹುಕಾರ್ರು ನಿನ್ನ ಬಜ್ಜಿ ಒಂದು ಚೂರು ತಿಂದ್ರೂ ಮುಗೀತು. ಆಮೇಲೆ ನಿನ್ನ ಮನೆ ಬಗ್ಗೆ ಅವರು ಕೆಟ್ಟ ಮಾತು ಆಡಂಗಿಲ್ಲ, ನಾವೂ ಆಡ್ಸಂಗಿಲ್ಲ. ಅಲ್ಲಿ ಚಾ ಕುಡಿದು ನನ್ನ ಬಾಯಿ ಕಟ್ಟಿದ್ದು ಹಂಗೇ. ಮೊದ್ಲು ಎಣಿಸ್ಲಿ. ಎಣಿಸಿ ಆದ್ಮೇಲೆ ನಿನ್ನ ಕೈಲೇ ಬಡಿಸು. ಹೊಟ್ಟೆ ತುಂಬ ತಿಂದು ಹೋಗ್ಲಿ." ಆಮೇಲೆ ಮೇಲೆ ನೋಡಿ, ಮತ್ತೂ ಮೆಲ್ಲಗೆ, "ನಿನ್ನ ಸೀರೆ. ನೀನೇ ಬಿಚ್ಚಬೇಕು. ನಾ ಮುಟ್ಟಂಗಿಲ್ಲ" ಅಂದಳು.

ದುರುಗಮ್ಮ ತಲೆಯೆತ್ತಿ ಸೀರೆ ನೋಡಿದಳು. ಸೂರು ತೋರಿಸಿದರೆ ಬಡತನ ಬಯಲಾಗುತ್ತದೆ. ಮುಚ್ಚಿದರೆ ಮಗಳು ಆನವಟ್ಟಿಯಲ್ಲೇ ಉಳಿಯುತ್ತಾಳೆ. ಕಡೆಗೆ ಚೊಂಬು ಕೆಳಗಿಟ್ಟಳು. ಮಣೆಯ ಮೇಲೆ ನಿಂತು ಒಂದು ಮೂಲೆಯ ಗಂಟು ಬಿಚ್ಚಿದಳು.

ಒಂದು ರಾತ್ರಿಯಲ್ಲಿ ಆ ಸೀರೆಯೊಳಗೆ ಎಷ್ಟು ಹುಡಿ ಕೂತಿತ್ತೋ! ಮೂಲೆ ಇಳಿದದ್ದೇ ಗೆದ್ದಲ ಮಣ್ಣು, ಮರದ ಹಿಟ್ಟು, ಹೆಂಚಿನ ಚೂರು ಎಲ್ಲ ಸರ್ರನೆ ಜಾರಿ ಮಲ್ಲಿಕಾರ್ಜುನಪ್ಪನವರ ತಲೆ, ಹೆಗಲು, ಬಿಳಿ ಪಂಚೆಯ ಮೇಲೆ ಸುರಿಯಿತು. ಅವರ ವಿಭೂತಿಯೇ ಕಾಣದಾಯಿತು. ಕೆಮ್ಮಿದರು, ಕಣ್ಣು ಒರೆಸಿಕೊಂಡರು. ಮೇಲೆ ನೋಡಿದರು. ಬಾಗಿದ ಜಂತೆಗಳ ನಡುವೆ ಬೆಳಕು ಕಾಣುತ್ತಿತ್ತು.

"ನಾಗಪತಿ," ಎಂದರು, ಕೂತಲ್ಲಿಂದ ಕದಲದೆ, "ಈ ಗಳ ಚಪ್ಪರಕ್ಕೆ ನಿಲ್ಸಿದ್ದಲ್ಲ ಅಂತ ಕಾಣ್ತೈತೆ."

"ಅಲ್ಲ ಮಾರಾಯ್ರೆ. ಇದು ಬಿಟ್ಟರೆ ನಾವೂ ಇಲ್ಲ" ಎಂದು ನಾಗಪತಿ ಸ್ಟೂಲು ತರಿಸಿ ಹತ್ತಿದರು. ಬೀಗದ ಕೈಯಿಂದ ಒಂದು ಜಂತೆ ಚುಚ್ಚಿದರೆ ಅದು ಪೂರಾ ಒಳಗೇ ಹೋಯಿತು. "ಇದು ಮರ ಎಂತಕ್ಕೆ ಅಂಬೂದು? ಅವಲಕ್ಕಿ!" ಎಂದು ಒಂದೊಂದನ್ನೇ ಮುಟ್ಟಿ ಎಣಿಸತೊಡಗಿದರು.

ಮೊದಲು ಕಿಸಕ್ಕನೆ ನಕ್ಕದ್ದು ತ್ರಿವೇಣಿ. "ನನ್ನನ್ನ ನಂಬ್ಸೂಕೆ ಬಂದಿದ್ರಲ್ಲ ನೀವು! ನಾನು ಒಳಗೆ ಬಂದ ಕೂಡ್ಲೆ ಆ ಗಳ ಕಂಡೆ. ನಮ್ಮನೆಲೂ ಅಂಥದೇ ಒಂದುಂಟು, ಅದಕ್ಕೆ ನಾವು ದೇವ್ರ ಪಟ ತೂಗು ಹಾಕಿದ್ದು."

"ಹಂಗಾದ್ರೆ ಯಾಕೆ ಸುಮ್ನಿದ್ರಿ?" ಎಂದು ಹುಚ್ಚರಾಯಪ್ಪ ಎಗರಿದರು.

"ಮತ್ತೆ? ಹೆಂಚು ಪೂರಾ ನಮ್ಮ ಸಾಲಿಗೆ ಬರೂದಾದ್ರೆ ನಾನು ಬೇಡ ಅಂಬೂದಾ? ನನ್ನ ಕಳ್ಸಿದ್ದು ಅದಕ್ಕೇ ಅಲ್ದಾ?" ಎಂದಳು ಅವಳು, ನಾಚಿಕೆಯಿಲ್ಲದೆ. ಆದರೆ ತಲೆಯೆತ್ತಿ ಇನ್ನೊಮ್ಮೆ ನೋಡಿ ದನಿ ಇಳಿಸಿದಳು. "ಇದು ನೋಡಿದ್ಮೇಲೆ ಹಾಗೆ ಹೇಳೂಕೆ ಬಾಯಿ ಬರೂದಿಲ್ಲ. ಸಾಹುಕಾರ್ರೆ, ಇಡೀ ಸಾಲು ಎಂತಕ್ಕೆ? ನಮ್ಮಲ್ಲೂ ಎಲ್ಲ ಮನೆ ಹಾಳಾಗ್ಲಿಲ್ಲ. ಎರಡೂ ಕಡೆ ಬಿದ್ದು ಹೋಗೂವಂಥದ್ದು ಮೊದ್ಲು ಮಾಡಿ. ಯಾವ್ದು ಅಂತ ನಾನೂ ನೀಲಮ್ಮಾರೂ ಹೇಳ್ತೇವೆ."

ಅಧ್ಯಕ್ಷರು ನೀಲಾಂಬಿಕಳನ್ನು ನೋಡಿದರು. ನಾವೂ ನೋಡಿದೆವು. ಈಗಲೂ ಚೊಲೋ ಅದಾವ್ರಿ ಅಂದುಬಿಟ್ಟರೆ ಎಂದು ನನಗೆ ದಿಗಿಲಾಯಿತು. ಅವಳು ತಟ್ಟೆ ಹಿಡಿದುಕೊಂಡೇ ಹೇಳಿದಳು: "ದುರುಗಕ್ಕಂದು ಮೊದ್ಲು ರೀ. ಆಮೇಲೆ ಕೊನೇ ಎರಡು ಮನೆ. ರಾಜಮ್ಮಕ್ಕಂದು ಅಡಿಗೆಮನೆ ಮಾತ್ರ. ಹುಚ್ಚರಾಯಣ್ಣಂದು ಗಟ್ಟಿ ಐತ್ರಿ, ಅದಕ್ಕೆ ಏನೂ ಬ್ಯಾಡ."

"ಏನೂ ಬ್ಯಾಡಾ?" ಎಂದು ಹುಚ್ಚರಾಯಪ್ಪ ಕೂಗಿದರು. "ಅಲ್ಲೇನ್ರೀ, ನಮ್ಮ ಮನೆ ಜಮಖಾನೆ ಮ್ಯಾಲೆ ಕುಂತ್ಕಂಡು..."

ಇಡೀ ಮನೆ ನಕ್ಕಿತು. ಮಲ್ಲಿಕಾರ್ಜುನಪ್ಪನವರಂತೂ ಹುಡಿ ಹಾರುವಂತೆ ನಕ್ಕರು. ಹಾಗೇ ಆಗಲಿ ಎಂದು ತೀರ್ಮಾನ ಮಾಡಿ, ಮುಖ ತೊಳೆದುಕೊಂಡು ಬಂದು, ಅದೇ ಜಾಗದಲ್ಲಿ ಕೂತು ಕೈ ಚಾಚಿದರು. "ದುರುಗಮ್ಮ, ಈಗ ಕೊಡವ್ವ. ಇವರು ಮತ್ತೆ ಕಸ್ಕಳ್ಳೋ ಮೊದ್ಲು." ಬಜ್ಜಿ ಆರಿತ್ತು, ಮಂಡಕ್ಕಿ ಮೆತ್ತಗಾಗಿತ್ತು. ಅವಳು ಬೇರೆ ಬಿಸಿ ಬಜ್ಜಿ ಕರಿಯುತ್ತೇನೆಂದರೂ ಕೇಳದೆ ಅದನ್ನೇ ತಿಂದರು, ಇನ್ನೊಂದು ಸಲ ಹಾಕಿಸಿಕೊಂಡು ತಿಂದರು. ದುರುಗಮ್ಮ ಬಡಿಸಿದಳು, ನಿಧಾನವಾಗಿ, ತನ್ನ ಮನೆಯಲ್ಲಿ ದಿನಾ ಇಂಥವರೇ ಉಣ್ಣುವುದೇನೋ ಎಂಬ ಹಾಗೆ.

ಜೀಪು ಹೋದ ಮೇಲೆ ಅವಳು ಸೀರೆ ಕೊಡವಿ ಮಡಿಸುತ್ತ, ನೀಲಾಂಬಿಕಳ ಕಡೆ ನೋಡದೆ, "ನೀಲಮ್ಮ, ಇನ್ನೊಂದ್ಸಲ ನನ್ನ ಮನೆಯಾಗೆ ಯಾರದ್ದಾದ್ರೂ ತಟ್ಟೆ ಕಸ್ಕಂಡ್ರೆ ಸೌಟು ತಗಂಡು ಹೊಡೀತೀನಿ" ಎಂದಳು.

"ಹೊಡಿಯಕ್ಕ" ಅಂದಳು ನೀಲಾಂಬಿಕ. ಆ ಏಕವಚನ ಆಮೇಲೆ ಬದಲಾಗಲಿಲ್ಲ. ಇಬ್ಬರಿಗೂ ಅದೇ ಹಿತವಾಗಿತ್ತು.

ಮಂಡಳಿಯಲ್ಲಿ ಅಂದಿನಿಂದ ಚಹಾ ಬರುವುದು ಮಾತೆಲ್ಲ ಮುಗಿದ ಮೇಲೆ. ನೀಲಾಂಬಿಕಳೇ ಕೇಳಿಕೊಂಡಳು, ತ್ರಿವೇಣಿ ಹೌದೆಂದಳು. ಮಾತು ಬೇಗ ಮುಗಿಯುತ್ತದೆಂದು ನಾಗಪತಿಯವರಿಗೂ ಸಮಾಧಾನ. ಈಗ ನೀಲಾಂಬಿಕ ಸಭೆಯಲ್ಲಿ ಗಟ್ಟಿಯಾಗಿ ಮಾತಾಡುತ್ತಾಳೆಂದು ಹೇಳಿದರೆ ಸುಳ್ಳಾದೀತು. ಅವಳದು ಮೊದಲಿನ ದನಿಯೇ. ಆದರೆ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಾಳೆ, ಒಳ್ಳೆಯದನ್ನೂ ಸೇರಿಸಿ. ಅದಕ್ಕೇ ಅಲ್ಲಿ ಅವಳ ಮಾತು ನಡೆಯುತ್ತದೆ, ಹುಚ್ಚರಾಯಪ್ಪನವರಿಗೆ ಇವತ್ತಿಗೂ ಕೋಪವಿದೆ.

ಮಳೆಗೆ ಮುಂಚೆ ಬಡಗಿಗಳು ಬಂದರು. ದುರುಗಮ್ಮನ ಸೂರು ಬಿಚ್ಚಿದಾಗ ಅವಳ ಸಾಮಾನೆಲ್ಲ ನನ್ನ ಮನೆಗೆ ಬಂತು. ನನ್ನ ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಹೊಸ ಜಂತೆ ಏರಿಸಿ, ಹೆಂಚು ಹೊದಿಸಿ, ಗೋಡೆಗೆ ಸುಣ್ಣ ಬಳಿದು ಮುಗಿಯುವ ಹೊತ್ತಿಗೆ ಲೋಕಪ್ಪ ಆಡಿದ ಮಾತಿನಂತೆ ಸೊಸೆಯನ್ನು ಕರೆದುಕೊಂಡು ಬಸ್ಸಿಳಿದ. ವಾಣಿಶ್ರೀ ತುಂಬಿದ ಹೊಟ್ಟೆ ಹೊತ್ತು ತಾಯಿಯ ಹೊಸ್ತಿಲು ದಾಟಿದಳು, ಮೂಗು ಹಿಡಿದಳು, ತಿರುಗಿ ಹೊರಗೆ ಬಂದಳು.

"ಅವ್ವಾ, ಸುಣ್ಣದ ವಾಸನೆಗೆ ನಂಗೆ ವಾಂತಿ ಬರ್ತೈತೆ. ಅದು ಒಣಗೋತನ ನಾ ರಾಜಮ್ಮಜ್ಜಿ ಮನೆಯಾಗೇ ಇರ್ತೀನಿ."

ಅಷ್ಟೆಲ್ಲ ಮಾಡಿ ತಂದ ಮಗಳು ಪಕ್ಕದ ಮನೆಯಲ್ಲಿ! ದುರುಗಮ್ಮ ಹಗಲೆಲ್ಲ ಹೊಸ ಸೂರಿನ ಕೆಳಗೆ ಬಾಗಿಲು, ಕಿಟಕಿ ತೆರೆದಿಟ್ಟು ಮುಸುಡಿ ಊದಿಸಿಕೊಂಡು ಬೀಸಣಿಗೆಯಿಂದ ಗೋಡೆಗೆ ಗಾಳಿ ಹಾಕುತ್ತಿದ್ದಳು. ಇತ್ತ ವಾಣಿಶ್ರೀ ನನ್ನ ಜಗಲಿಯಲ್ಲಿ ಕಾಲು ಚಾಚಿ ಉಪ್ಪು ಖಾರ ಹಚ್ಚಿದ ಮಾವಿನಕಾಯಿ ಹೋಳು ತಿನ್ನುತ್ತ, ಆನವಟ್ಟಿಯ ಕತೆಯೆಲ್ಲ ಹೇಳುತ್ತಿದ್ದಳು.

ಗೋಡೆಯಾಚೆಯಿಂದ ಕೂಗು ಬಂತು. "ರಾಜಮ್ಮಾರೇ, ಒಣಗೇತ್ರಿ! ಬಂದು ಮುಟ್ಟಿ ನೋಡ್ರಿ! ಕಳಿಸ್ರಿ ನನ್ನ ಮಗಳ್ನ!"

ನಾನು ಹೋಗಿ ಮುಟ್ಟಿ ನೋಡಿದೆ. ಒಣಗಿತ್ತು. "ಇನ್ನೊಂದು ದಿನ ಹೋಗ್ಲಿ ತಡಿ ದುರುಗಮ್ಮ, ಮೂಲೆಯಾಗೆ ಇನ್ನೂ ಹಸಿ ಐತೆ" ಎಂದು ಹೇಳಿ, ಬಂದು ಮತ್ತೊಂದು ಮಾವಿನಕಾಯಿ ಹೆಚ್ಚಲು ಕೂತೆ.